ಮಂಚದ ಪಕ್ಕದ ಕುರ್ಚಿ

ಪ್ರಿಯರೇ, ಇವತ್ತು ನಿಮಗೊಂದು ಕುರ್ಚಿಯ ಕಥೆ ಹೇಳುತ್ತೇನೆ. ಒಂದೂರಿನಲ್ಲಿ ಒಬ್ಬ ಶ್ರೀಮಂತನಿದ್ದ. ಶ್ರೀಮಂತ ಅಂದ ಕೂಡಲೇ ನಿಮ್ಮ ಮನಸ್ಸು ಬಂಗಾರ, ಬಂಗಲೆ ಅಂತ ಓಡುತ್ತದೆ, ನನಗೆ ಗೊತ್ತು. ಇವನ ಐಶ್ವರ್ಯ ಅದಲ್ಲ. ಇವನ ಐಶ್ವರ್ಯ ಕುರ್ಚಿ. ಶಾಮಿಯಾನ, ಅಡುಗೆ ಪಾತ್ರೆ, ಮೈಕ್ ಸೆಟ್ಟು, ಮತ್ತೆ ಗೋದಾಮಿನ ತುಂಬ ಒಂದರ ಮೇಲೊಂದು ಪೇರಿಸಿಟ್ಟ ಕುರ್ಚಿಗಳು. ಊರಲ್ಲಿ ಯಾರ ಮದುವೆಯಾಗಲಿ, ಯಾರ ಮನೆಯಲ್ಲಿ ಸಾವಾಗಲಿ, ಜನ ಕೂರುತ್ತಿದ್ದದ್ದು ಇವನ ಕುರ್ಚಿಯ ಮೇಲೆ. ಊರಿಗೆಲ್ಲ ಕುರ್ಚಿ ಹಾಕಿದ ಈ ಮನುಷ್ಯ ತಾನು ಮಾತ್ರ ಎಲ್ಲೂ ಕೂತವನಲ್ಲ. ನೋಡಿ, ಇದೊಂದನ್ನು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಬೇಕಾಗುತ್ತದೆ.

ದೃಷ್ಟಾಂತದ ಶ್ರೀಮಂತರಿಗೆ ಸಾಮಾನ್ಯವಾಗಿ ಹೆಸರಿರುವುದಿಲ್ಲ. ಇವನಿಗೆ ಇದೆ, ಯಾಕೆಂದರೆ ಹೆಸರಲ್ಲೇ ಒಂದು ತಮಾಷೆ ಇದೆ. ಸಮುವೇಲಪ್ಪ. ಬೈಬಲಿನ ಸಮುವೇಲ ಯಾರು? ದೇವಾಲಯದಲ್ಲಿ ಮಲಗಿದ್ದಾಗ ದೇವರು ಕರೆದರೆ, ಹೇಳಪ್ಪಾ ಕೇಳುತ್ತಿದ್ದೇನೆ ಅಂದ ಹುಡುಗ. ಕೇಳಿಸಿಕೊಂಡವನು. ನಮ್ಮ ಸಮುವೇಲಪ್ಪನಿಗೆ ಆ ಹೆಸರಿಟ್ಟ ತಂದೆತಾಯಿಯ ನಂಬಿಕೆ ಬಹಳ ದೊಡ್ಡದು ಅಂತಷ್ಟೇ ಹೇಳಬಹುದು.

ಹಾಗಂತ ಅವನು ಕೆಟ್ಟವನಲ್ಲ. ಅಯ್ಯೋ, ಅಂಥ ಒಳ್ಳೆಯ ಮನುಷ್ಯ ನಿಮಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಊರ ಚರ್ಚಿನ ಸಭೆಯ ಹಿರಿಯ. ಸಾವಿನ ಮನೆಗೆ ಕುರ್ಚಿ ಕಳಿಸಿದರೆ ಬಾಡಿಗೆ ಕೇಳುತ್ತಿರಲಿಲ್ಲ. ಯಾರಿಗೆ ಜ್ವರ ಬಂದರೂ ಮೊದಲು ಬಂದು ನಿಲ್ಲುತ್ತಿದ್ದದ್ದು ಅವನ ಸ್ಕೂಟರೇ. ಬಂದವನು ಏನು ಮಾಡುತ್ತಿದ್ದ? ಪ್ರಾರ್ಥನೆ. ಎಂಥ ಪ್ರಾರ್ಥನೆ! ಮೈಕ್ ಸೆಟ್ಟಿನ ಯಜಮಾನ ನೋಡಿ, ಮೈಕೇ ಬೇಡದ ಗಂಟಲು. ಅವನು "ಪರಲೋಕದ ತಂದೆಯೇ" ಅಂದರೆ ಪಕ್ಕದ ಬೀದಿಯ ಹಸು ಕತ್ತೆತ್ತಿ ನೋಡುತ್ತಿತ್ತು.

ತೊಂದರೆ ಇದ್ದದ್ದು ಒಂದೇ. ನೀವು ಬಾಯಿ ತೆರೆದು "ಅಣ್ಣಾ, ನಮ್ಮನೇಲಿ ಸ್ವಲ್ಪ..." ಅನ್ನುವಷ್ಟರಲ್ಲಿ ಅವನು ಕಣ್ಣು ಮುಚ್ಚಿಬಿಡುತ್ತಿದ್ದ. "ಗೊತ್ತಾಯ್ತಮ್ಮ, ಗೊತ್ತಾಯ್ತು. ಬನ್ನಿ, ಪ್ರಾರ್ಥನೆ ಮಾಡೋಣ." ಏನು ಗೊತ್ತಾಯಿತು? ಸ್ವಲ್ಪ ಏನು, ಜಗಳವೋ, ಜ್ವರವೋ? ಅದನ್ನು ಕೇಳುವ ವ್ಯವಧಾನ ಅವನಿಗಿರಲಿಲ್ಲ. ಒಬ್ಬ ಅಜ್ಜಿ ತನ್ನ ತಂಗಿಯ ಮೊಣಕಾಲಿನ ವಿಷಯ ಹೇಳಲು ಹೋಗಿ, ಅವತ್ತಿನಿಂದ ತನ್ನದೇ ಮೊಣಕಾಲಿಗೆ ಪ್ರಾರ್ಥನೆ ಮಾಡಿಸಿಕೊಳ್ಳುತ್ತಿದ್ದಳು. ಅವಳ ಕಾಲು ಚೆನ್ನಾಗಿಯೇ ಇತ್ತು. ಅಷ್ಟು ಪ್ರೀತಿಯಿಂದ ಪ್ರಾರ್ಥಿಸುವವನಿಗೆ ತಪ್ಪು ಕಾಲು ಕಣಪ್ಪ ಅಂತ ಹೇಗೆ ಹೇಳುವುದು? ಪಾಪ, ಅವನು ಬರುವ ದಿನ ಒಂದಿಷ್ಟು ಕುಂಟಿ ನಡೆಯುತ್ತಿದ್ದಳಂತೆ.

ಹಿಂದಿನ ಸಾಲಿನವರು ನಗುತ್ತಿದ್ದೀರಿ. ನಗಿ. ಆಮೇಲೆ ನಿಮ್ಮ ಕಡೆಗೂ ಬರುತ್ತೇನೆ.

ಈ ಸಮುವೇಲಪ್ಪನಿಗೆ ಬಾಲ್ಯದಿಂದ ಒಬ್ಬ ಗೆಳೆಯ, ಜೀವರತ್ನ. ಸಭೆಯಲ್ಲಿ ಹಾರ್ಮೋನಿಯಂ ನುಡಿಸುವವನು ಅವನೇ. ಮಾತು ಕಡಿಮೆ. ಮಾತಾಡಬೇಕಾದ ಕಡೆ ಮುಗುಳ್ನಕ್ಕು ಸುಮ್ಮನಾಗುವ ಜಾತಿ. ದೇವಾಲಯದ ಹಿಂದಿನ ಓಣಿಯಲ್ಲಿ ಅವನ ಮನೆ. ಅವನೂ ಹೆಂಡತಿ ಕರುಣಮ್ಮನೂ, ಇಬ್ಬರೇ. ಕರುಣಮ್ಮನಿಗೆ ಬಹಳ ದಿನದಿಂದ ಎದೆಯ ಕಾಯಿಲೆ. ಒಂದು ಶನಿವಾರ ಸಂಜೆ ಅವನು ಹಾಡಿನ ಅಭ್ಯಾಸಕ್ಕೆಂದು ದೇವಾಲಯಕ್ಕೆ ಹೋಗಿ ಬರುವಷ್ಟರಲ್ಲಿ ಅವಳು ತೀರಿಕೊಂಡಿದ್ದಳು. ಒಬ್ಬಳೇ ಇದ್ದಳು. ಮಂಚದ ಮೇಲೆಯೇ ಪ್ರಾಣ ಹೋಗಿತ್ತು.

ಸಮುವೇಲಪ್ಪ ಶಾಮಿಯಾನ ಹಾಕಿಸಿದ, ಕುರ್ಚಿ ಕಳಿಸಿದ, ಗೆಳೆಯನ ಹೆಗಲು ತಬ್ಬಿಕೊಂಡು ಇಡೀ ಓಣಿ ಅಳುವ ಹಾಗೆ ಪ್ರಾರ್ಥನೆ ಮಾಡಿದ. ಮಣ್ಣು ಮುಗಿಯಿತು. ಕುರ್ಚಿಗಳು ಗೋದಾಮಿಗೆ ವಾಪಸು ಬಂದವು. ಒಂದು ಮಾತ್ರ ಬರಲಿಲ್ಲ. ಹೋಗಲಿ ಬಿಡು, ಎಲ್ಲೋ ಸೇರಿಕೊಂಡಿರುತ್ತದೆ ಅಂತ ಅವನೂ ಬಿಟ್ಟ.

ಆವತ್ತಿನಿಂದ ಜೀವರತ್ನ ಹಾರ್ಮೋನಿಯಂ ಮುಟ್ಟಲಿಲ್ಲ. ಭಾನುವಾರ ಬರುತ್ತಿದ್ದ, ಗೋಡೆಯ ಪಕ್ಕ ಕೂರುತ್ತಿದ್ದ, ಹೋಗುತ್ತಿದ್ದ. ವಾದ್ಯದ ಪೆಟ್ಟಿಗೆಯ ಮೇಲೆ ಹೊದಿಸಿದ ಬಟ್ಟೆ ಹಾಗೇ ಇತ್ತು. ಸಭೆ ಶ್ರುತಿಯಿಲ್ಲದೆ ಹಾಡುತ್ತಿತ್ತು, ಅಂದರೆ ಒಬ್ಬೊಬ್ಬರು ಒಂದೊಂದು ಕಡೆಗೆ ಎಳೆಯುತ್ತಿದ್ದರು ಅಂತ ಬೇರೆ ಹೇಳಬೇಕಿಲ್ಲ. ಸಮುವೇಲಪ್ಪ ವಾರವಾರವೂ ಗೆಳೆಯನ ಮನೆಗೆ ಹೋದ. ಬಾಗಿಲಲ್ಲೇ ನಿಂತು ಪ್ರಾರ್ಥನೆ ಮಾಡಿದ. ಒಮ್ಮೆ ಜೀವರತ್ನ ಅವನ ಕೈ ಹಿಡಿದುಕೊಂಡ.

"ಸಮುವೇಲ, ಅವತ್ತು ಸಂಜೆ ನಾನು ಹೊರಡೋವಾಗ ಅವಳು..."

"ಬೇಡ ಕಣೋ. ಅದನ್ನ ನೆನಪ್ ಮಾಡ್ಕೋಬೇಡ, ಸಂಕಟ ಜಾಸ್ತಿಯಾಗುತ್ತೆ. ಕಣ್ಮುಚ್ಚು, ಪ್ರಾರ್ಥನೆ ಮಾಡೋಣ."

ಜೀವರತ್ನ ಕಣ್ಣು ಮುಚ್ಚಿದ. ಬಾಯಿಯನ್ನೂ ಮುಚ್ಚಿದ. ಮುಂದಿನ ವಾರ ಸ್ಕೂಟರ್ ಸದ್ದು ಓಣಿಯ ತುದಿಗೆ ಬಂದಾಗ ಅವನ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು. ಊರು ಬಿಟ್ಟು ತಮ್ಮನ ಊರಿಗೆ ಹೋಗಿಬಿಡುತ್ತಾನಂತೆ, ಈ ತಿಂಗಳೇ ಮನೆ ಖಾಲಿ ಮಾಡುತ್ತಾನಂತೆ ಅಂತ ಸುದ್ದಿಯೂ ಹಬ್ಬಿತು.

ಸಮುವೇಲಪ್ಪ ಹೆದರಿದ. ಇರುವ ಒಬ್ಬ ಗೆಳೆಯ. ಅವನು ಹೋಗಿಬಿಟ್ಟರೆ? ಹೆದರಿಕೆಯಲ್ಲಿ ಮನುಷ್ಯ ಏನು ಮಾಡುತ್ತಾನೆ? ಗೊತ್ತಿರುವುದನ್ನೇ ಇನ್ನೂ ಜೋರಾಗಿ ಮಾಡುತ್ತಾನೆ. ಆ ಭಾನುವಾರ ಆರಾಧನೆಯ ಮಧ್ಯೆ ಸಭೆಯ ಬಿನ್ನಹಗಳನ್ನು ದೇವರ ಮುಂದಿಡುವ ಸರದಿ ಅವನದು. ಎಲ್ಲರೂ ಕಣ್ಣು ಮುಚ್ಚಿದರು. ಅವನು ಶುರು ಮಾಡಿದ. "ಕರ್ತನೇ, ನಮ್ಮ ಸಹೋದರ ಜೀವರತ್ನನ ಕಣ್ಣೀರನ್ನು ಒರೆಸಿದ್ದೀ, ಸ್ತೋತ್ರ! ಅವನ ಮನಸ್ಸಿಗೆ ಸಮಾಧಾನ ಕೊಟ್ಟಿದ್ದೀ, ಸ್ತೋತ್ರ! ಬರುವ ಭಾನುವಾರ ಅವನ ಬೆರಳುಗಳು ಮತ್ತೆ ನಿನ್ನನ್ನು ಕೊಂಡಾಡುವವು, ಸ್ತೋತ್ರ!" ಸಭೆಯೆಲ್ಲ ಆಮೆನ್ ಅಂದಿತು. ಕಣ್ಣು ಬಿಟ್ಟು ನೋಡಿದರೆ ಗೋಡೆಯ ಪಕ್ಕದ ಜಾಗ ಖಾಲಿ.

ನೋಡಿ ಪ್ರಿಯರೇ. ಒಬ್ಬ ಮನುಷ್ಯನಿಗೋಸ್ಕರ ಇಡೀ ಸಭೆ ಪ್ರಾರ್ಥನೆ ಮಾಡುತ್ತಿದೆ, ಅದೇ ಹೊತ್ತಿಗೆ ಆ ಮನುಷ್ಯ ಎದ್ದು ಹೊರಗೆ ಹೋಗುತ್ತಿದ್ದಾನೆ, ಒಬ್ಬರೂ ನೋಡುವುದಿಲ್ಲ. ಯಾಕೆ? ಕಣ್ಣು ಮುಚ್ಚಿದೆಯಲ್ಲ!

ಒಬ್ಬರೂ ಅಂದೆನಾ? ತಪ್ಪು. ಒಬ್ಬಳು ನೋಡಿದ್ದಳು. ಸಮುವೇಲಪ್ಪನ ಹೆಂಡತಿ ಎಸ್ತರಮ್ಮ. ಮನೆಗೆ ಬಂದು ಊಟಕ್ಕೆ ಬಡಿಸುತ್ತಾ ಹೇಳಿದಳು.

"ರತ್ನಣ್ಣ ನಿಮ್ಮ ಪ್ರಾರ್ಥನೆ ಮಧ್ಯೆನೇ ಎದ್ದು ಹೋದ್ರು ಕಣ್ರೀ. ಮುಖ ನೋಡೋಕಾಗ್ತಿರ್ಲಿಲ್ಲ."

"ಪ್ರಾರ್ಥನೇಲಿ ಕಣ್ ಬಿಟ್ಯಾ ನೀನು?"

"ನೀವೆಲ್ಲಾ ಮುಚ್ಕೊಂಡಿದ್ರಲ್ಲ. ಯಾರಾದ್ರೂ ಒಬ್ರು ಬಿಡ್ಬೇಕಿತ್ತು."

ಎಸ್ತರಮ್ಮ ಇನ್ನೊಂದು ಸೌಟು ಸಾರು ಬಿಟ್ಟು, "ಅಲ್ಲಾರೀ, ಕರುಣಕ್ಕನ ಕಿಟಕಿ ವಿಷಯ ನಿಮಗೆ ಎಷ್ಟು ಸಲ ಹೇಳೋಕ್ ಬಂದೆ..." ಅಂದಳು.

"ಕಿಟಕಿ ರಿಪೇರಿ ಮಾತು ಈಗ್ಯಾಕೆ? ಮೊದ್ಲು ಅವನನ್ನ ಉಳಿಸ್ಕೋಬೇಕು. ಬಾ, ಪ್ರಾರ್ಥನೆ ಮಾಡೋಣ."

"ಊಟದ ಮಧ್ಯೆ ಬೇಡ. ಹೋಗಿ ಅವರ ಮನೇಲಿ ಸ್ವಲ್ಪ ಹೊತ್ತು ಕೂತ್ಕೊಂಡ್ ಬನ್ನಿ. ಪ್ರಾರ್ಥನೆ ಮಾಡೋಕಲ್ಲ, ಕೂತ್ಕೊಳೋಕೆ."

ಹೋಗುವುದು ಹೇಗೆ? ಚಿಲಕ ಹಾಕಿಕೊಂಡ ಮನೆಗೆ ಯಾವ ಮುಖ ಹೊತ್ತು ಹೋಗುವುದು? ಆಗ ಅವನಿಗೆ ಕುರ್ಚಿ ನೆನಪಾಯಿತು. ವಾಪಸು ಬಾರದ ಆ ಒಂದು ಕುರ್ಚಿ. ನೆಪ ಸಿಕ್ಕಿತು. ಸ್ಕೂಟರ್ ಬಿಟ್ಟು ನಡೆದೇ ಹೋದ. ಸದ್ದಿಲ್ಲದೆ ಬಂದವನಿಗೆ ಜೀವರತ್ನ ಯಾರೋ ಅಂತ ಬಾಗಿಲು ತೆರೆದ. ತೆರೆದ ಮೇಲೆ ಹೇಗೆ ಮುಚ್ಚುತ್ತಾನೆ?

"ನಮ್ಮದೊಂದು ಕುರ್ಚಿ ಇಲ್ಲೇ ಉಳ್ಕೊಂಡಿದ್ಯಾ ಅಂತ ನೋಡೋಕ್ ಬಂದೆ."

ಜೀವರತ್ನ ಒಳಕೋಣೆ ತೋರಿಸಿದ. ಅಲ್ಲಿ ಕರುಣಮ್ಮನ ಮಂಚ ಹಾಗೇ ಇತ್ತು, ಹಾಸಿಗೆ ಸುತ್ತಿಟ್ಟಿತ್ತು. ಮಂಚದ ಪಕ್ಕದಲ್ಲಿ, ಅದರ ಕಡೆಗೇ ಮುಖ ಮಾಡಿ, ಗೋದಾಮಿನ ಆ ಕುರ್ಚಿ. ಸಮುವೇಲಪ್ಪ ಅದನ್ನು ಎತ್ತಲು ಕೈ ಹಾಕಿದ.

"ಮುಟ್ಬೇಡ."

ಜೀವರತ್ನನ ಬಾಯಲ್ಲಿ ಅಂಥ ಧ್ವನಿ ಅವನು ಕೇಳಿಯೇ ಇರಲಿಲ್ಲ. ಕೈ ಹಿಂದಕ್ಕೆ ತೆಗೆದ. ಏನು ಮಾಡಬೇಕು ತೋಚದೆ, ಅಭ್ಯಾಸಬಲ ನೋಡಿ, ಕಣ್ಣು ಮುಚ್ಚಿ "ಪರಲೋಕದ..." ಅಂದ.

"ನಿಲ್ಸು." ಜೀವರತ್ನ ಅವನ ಮುಂದೆ ಬಂದು ನಿಂತ. "ನನ್ನ ವಿಷಯ ದೇವರಿಗೆ ಏನಂತ ಹೇಳ್ತೀಯೋ ನೀನು? ನಿನಗೇ ಏನೂ ಗೊತ್ತಿಲ್ವಲ್ಲ! ಸಮಾಧಾನ ಸಿಕ್ಕಿದೆ ಅಂದ್ಯಲ್ಲ ಬೆಳಿಗ್ಗೆ, ಯಾರಿಗೆ ಸಿಕ್ಕಿದೆ? ನನ್ನನ್ನ ಕೇಳಿದ್ಯಾ? ಒಂದ್ ದಿನ, ಒಂದೇ ಒಂದ್ ದಿನ, ಏನಾಯ್ತೋ ರತ್ನ ಅಂತ ಕೇಳಿದ್ಯಾ?"

ಊರಿಗೆಲ್ಲ ಕೇಳಿಸುವ ಗಂಟಲಿನ ಸಮುವೇಲಪ್ಪ ಕಣ್ಣು ಬಿಟ್ಟ. ಕೋಣೆಯಲ್ಲಿ ಕೂರಲು ಬೇರೇನೂ ಇರಲಿಲ್ಲ. ಅವನು ನಿಧಾನವಾಗಿ ನೆಲದ ಮೇಲೆ ಕೂತುಕೊಂಡ. ಮಂಡಿ ನೋವಿನ ಮನುಷ್ಯ, ಗೋಡೆ ಹಿಡಿದುಕೊಂಡು ಕೂತ. ಕೂತು ಕೇಳಿದ.

"ಏನಾಯ್ತೋ ರತ್ನ?"

ಒಂದೇ ಪದ, ಒಂದು ಹೆಸರು. ಅದಕ್ಕಾಗಿ ಆ ಗೆಳೆಯ ಎಷ್ಟು ದಿನ ಕಾದಿದ್ದ!

ಜೀವರತ್ನ ಎದುರಿಗೆ ಕೂತು ಹೇಳಲು ಶುರು ಮಾಡಿದ. "ಅವತ್ತು ನಾನು ಹೊರಡ್ತಿದ್ದೆ. ಅವಳು ಕೈಯಲ್ಲಿ ಮಂಚದ ಪಕ್ಕ ತೋರಿಸಿ, ಸ್ವಲ್ಪ ಹೊತ್ತು ಕೂತ್ಕೊಳ್ರೀ, ಏನೋ ಹೇಳ್ಬೇಕು ಅಂದ್ಲು. ಬಂದು ಕೇಳ್ತೀನಿ ಬಿಡೇ, ಅಲ್ಲಿ ಎಲ್ಲಾ ಕಾಯ್ತಿರ್ತಾರೆ ಅಂದೆ. ಹೋದೆ." ಅವನು ಕುರ್ಚಿಯ ಕಡೆ ನೋಡಿದ. "ಮಣ್ಣಿನ ದಿನ ಇದೊಂದನ್ನ ಒಳಗ್ ತಂದು ಇಲ್ಲಿ ಹಾಕ್ದೆ. ನಾನು ಕೂತ್ಕೋಬೇಕಾಗಿದ್ದ ಜಾಗ ಇದು. ದಿನಾ ನೋಡ್ತೀನಿ. ಕೂತ್ಕೊಳೋಕೆ ಆಗ್ತಿಲ್ಲ."

ಸಮುವೇಲಪ್ಪನ ನಾಲಿಗೆಯ ತುದಿಗೆ ಎಲ್ಲವೂ ಬಂತು. ದೇವರ ಚಿತ್ತ ಕಣೋ. ಅವಳು ಕರ್ತನ ಹತ್ತಿರ ಇದ್ದಾಳೆ ಕಣೋ. ನಮಗೆಲ್ಲ ಬರುತ್ತಲ್ಲ, ಹಾಗೆ ಬಂತು. ಅವನು ತುಟಿ ಕಚ್ಚಿ ಹಿಡಿದ. ಇನ್ನೂ ಏನೋ ಇದೆ ಅಂತ ಗೆಳೆಯನ ಮುಖ ಹೇಳುತ್ತಿತ್ತು.

"ಇನ್ನೂ ಏನೋ?"

"ಕಿಟಕಿ." ಜೀವರತ್ನ ಮುಖ ಮುಚ್ಚಿಕೊಂಡ. "ಅವಳಿಗೆ ಗಾಳಿ ಆಗಲ್ಲ ಅಂತ ಆ ಕಿಟಕಿ ನಾನೇ ಮುಚ್ಚಿ ಹೋಗಿದ್ದೆ. ಬಂದು ನೋಡಿದ್ರೆ ಪೂರ್ತಿ ತೆಗೆದಿತ್ತು. ಎದ್ದು ಹೋಗಿ ತೆಗೆದಿದ್ದಾಳೆ ಕಣೋ. ಸಂಕಟ ಬಂದು, ಕಿಟಕಿ ತೆಗೆದು ನನ್ನನ್ನ ಕೂಗಿದ್ದಾಳೆ. ದೇವಾಲಯ ಇಲ್ಲೇ ಹಿಂದುಗಡೆ. ಕೂಗಿದ್ರೆ ಕೇಳ್ಸೋ ಅಷ್ಟು ಹತ್ರ. ನಾನು ಆ ದರಿದ್ರ ಪೆಟ್ಟಿಗೇನ ಜೋರಾಗಿ ಬಾರಿಸ್ತಾ ಕೂತಿದ್ದೆ. ನನ್ನ ಹಾರ್ಮೋನಿಯಂ ಸದ್ದಲ್ಲಿ ಅವಳ ಕೂಗು ಮುಳುಗಿಹೋಯ್ತು. ಅದನ್ನ ಹೇಗೋ ಮುಟ್ಲಿ ನಾನು?"

ಇದು ಪ್ರಿಯರೇ, ಆ ಮನುಷ್ಯ ಎದೆಯಲ್ಲಿಟ್ಟುಕೊಂಡು ಭಾನುವಾರದಿಂದ ಭಾನುವಾರಕ್ಕೆ ನಡೆದದ್ದು. ಸಭೆಯವರು ಅವನ ಬೆರಳಿನ ಶಕ್ತಿಗಾಗಿ ಪ್ರಾರ್ಥಿಸುತ್ತಿದ್ದರು!

ಕಿಟಕಿ ಅಂದ ಕೂಡಲೇ ಸಮುವೇಲಪ್ಪನಿಗೆ ಎಲ್ಲೋ ಏನೋ ತಾಗಿತು. ಕಿಟಕಿ. ಯಾರು ಅಂದದ್ದು? ಊಟಕ್ಕೆ ಕೂತಾಗ. ಅದಕ್ಕೆ ಮೊದಲೂ ಎಷ್ಟೋ ಸಲ. ಕರುಣಕ್ಕನ ಕಿಟಕಿ ವಿಷಯ. ಅವನು ಫೋನ್ ತೆಗೆದು ಹೆಂಡತಿಗೆ ಮಾಡಿದ, ಗೆಳೆಯನಿಗೂ ಕೇಳಿಸಲೆಂದು ಸ್ಪೀಕರ್ ಹಾಕಿದ.

"ಎಸ್ತರ್, ಕಿಟಕಿ ವಿಷಯ ಏನೋ ಹೇಳ್ತಿದ್ಯಲ್ಲ. ಹೇಳು. ನಾನು ಕೇಳ್ತಿದ್ದೀನಿ. ರತ್ನನೂ ಕೇಳ್ತಿದ್ದಾನೆ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಮದುವೆಯಾದಾಗಿನಿಂದ ಮೊದಲ ಸಲ ಗಂಡ ಹೇಳು ಅಂದಿದ್ದಾನೆ, ಅವಳಿಗೂ ಸುಧಾರಿಸಿಕೊಳ್ಳಲು ಹೊತ್ತು ಬೇಕಲ್ಲ!

"ಅಯ್ಯೋ, ದೊಡ್ಡದೇನಲ್ಲ ರತ್ನಣ್ಣ. ನೀವು ಹಾಡಿನ ಪ್ರಾಕ್ಟೀಸ್‌ಗೆ ಹೋದ್ಮೇಲೆ ಕರುಣಕ್ಕ ಕಿಟಕಿ ತೆಗೆದು, ದಿಂಬನ್ನ ಆ ಕಡೆಗೆ ತಿರುಗಿಸ್ಕೊಂಡು ಮಲಗೋರು. ಪ್ರತಿ ಶನಿವಾರನೂ. ನೀವು ಬರೋಷ್ಟ್ರಲ್ಲಿ ಮುಚ್ಚಿಬಿಡೋರು, ಗಾಳಿಗೆ ಬೈತೀರ ಅಂತ. ನನ್ನ ಹತ್ರ ಹೇಳಿ ನಗೋರು. ನಮ್ಮನೆಯವರು ಎದುರಿಗೆ ಕೂತ್ರೆ ಒಂದ್ ಮಾತಾಡಲ್ಲ ಎಸ್ತರ್, ಪೆಟ್ಟಿಗೆ ಮುಂದೆ ಕೂತ್ರೆ ಮನಸ್ಸಲ್ಲಿರೋದೆಲ್ಲಾ ಹೇಳ್ತಾರೆ, ಅದನ್ನ ಕೇಳೋಕೆ ಕಿಟಕಿ ತೆಗೀತೀನಿ ಅನ್ನೋರು."

ಜೀವರತ್ನ ತಲೆಯೆತ್ತಿದ. "ದಿಂಬು," ಅಂದ. "ದಿಂಬು ಆ ಕಡೆ ಇತ್ತು. ಕಾಲು ಹಾಕೋ ಕಡೆ. ಯಾಕೆ ಅಂತ ನನಗೆ ತಿಳೀಲೇ ಇಲ್ಲ."

"ಇಷ್ಟು ದಿನ ಯಾಕೇ ಹೇಳ್ಲಿಲ್ಲ?" ಸಮುವೇಲಪ್ಪ ಕೇಳಿದ.

"ಮಣ್ಣಿನ ದಿನಾನೇ ರತ್ನಣ್ಣನ ಹತ್ರ ಹೇಳೋಕ್ ಬಂದೆ. ನೀವು ಪ್ರಾರ್ಥನೆ ಶುರು ಮಾಡಿದ್ರಿ."

ಕೇಳಿದಿರಾ? ಆ ಗೆಳೆಯನಿಗೆ ಬೇಕಾಗಿದ್ದ ಸಮಾಧಾನಕ್ಕೆ ಸಮುವೇಲಪ್ಪ ಪರಲೋಕದ ಬಾಗಿಲು ಬಡಿಯುತ್ತಿದ್ದ. ಅದು ಅವನ ಅಡುಗೆಮನೆಯಲ್ಲೇ ಇತ್ತು. ದೇವರು ಯಾವತ್ತೋ ಉತ್ತರ ಕೊಟ್ಟು, ಎಸ್ತರಮ್ಮನ ಬಾಯಲ್ಲಿ ಇಟ್ಟಿದ್ದ. ಇವನು ಆ ಬಾಯಿಗೆ ಆಮೆನ್ ಮುಚ್ಚಳ ಹಾಕಿ ಹಾಕಿ ಇಟ್ಟಿದ್ದ.

ಜೀವರತ್ನ ಅತ್ತ. ಆ ಮನೆಯಲ್ಲಿ ಅವನು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು. ಸಮುವೇಲಪ್ಪ ಸುಮ್ಮನೆ ಅವನ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದ. ಬಹಳ ಹೊತ್ತಾದ ಮೇಲೆ ಜೀವರತ್ನ ಮೂಗೊರೆಸಿಕೊಂಡು, "ಆದ್ರೂ ನಾನು ಕೂತ್ಕೋಬೇಕಿತ್ತು ಕಣೋ," ಅಂದ.

ಹಳೆಯ ಸಮುವೇಲಪ್ಪನಾಗಿದ್ದರೆ ಬಿಡೋ, ಹಾಗನ್ನಬೇಡ ಅನ್ನುತ್ತಿದ್ದ. ಇವನು ಹೇಳಿದ, "ಹೌದು ಕಣೋ. ಕೂತ್ಕೋಬೇಕಿತ್ತು. ನಾನೂ ಕೂತ್ಕೋಬೇಕಿತ್ತು."

ಆಮೇಲೆ ಕರುಣಮ್ಮನ ವಿಷಯ ಮಾತಾಡಿದರು. ಅವಳು ಏನು ಹೇಳಬೇಕೆಂದಿದ್ದಳೋ? ಅಂಗಿಯ ಕಾಲರ್ ಹರಿದಿದೆ, ಅದನ್ನು ಹಾಕಿಕೊಂಡು ಹೋಗಬೇಡಿ ಅಂತ ಇರಬೇಕು ಅಂತ ಜೀವರತ್ನ ಅಂದಾಗ ಇಬ್ಬರೂ ನಕ್ಕುಬಿಟ್ಟರು. ನಕ್ಕು ಮತ್ತೆ ಅತ್ತರು. ಎದ್ದು ನಿಂತಾಗ ಸಮುವೇಲಪ್ಪ ಸುಮ್ಮನೆ ಬಾಗಿಲ ಕಡೆ ಹೊರಟಿದ್ದ. ಗೆಳೆಯನೇ ತಡೆದ.

"ಈಗ ಪ್ರಾರ್ಥನೆ ಮಾಡೋ."

ಅವನು ಮಾಡಿದ. ಪಕ್ಕದ ಬೀದಿಗಿರಲಿ, ಪಕ್ಕದ ಕೋಣೆಗೂ ಕೇಳಿಸಲಿಲ್ಲ. "ಕರ್ತನೇ, ಅವತ್ತು ರತ್ನ ಕೂತ್ಕೊಳ್ಲಿಲ್ಲ. ಅದು ಅವನಿಗೆ ಬಹಳ ನೋಯ್ತಿದೆ. ನಿನಗೆ ಗೊತ್ತೇ ಇತ್ತು. ಈಗ ನನಗೂ ಗೊತ್ತಾಯ್ತು. ಆಮೆನ್." ಅವನ ಬದುಕಿನಲ್ಲೇ ಚಿಕ್ಕ ಪ್ರಾರ್ಥನೆ. ಆದರೆ ಗೆಳೆಯನ ಹೆಸರಿನಲ್ಲಿ ಅವನು ಮಾಡಿದ ಮೊದಲ ನಿಜವಾದ ಪ್ರಾರ್ಥನೆ ಅದೇ.

ಮುಂದಿನ ಭಾನುವಾರ ಜೀವರತ್ನ ನುಡಿಸಿದನಾ ಅಂತ ಕೇಳುತ್ತೀರಿ. ಇಲ್ಲ. ಮನಸ್ಸು ಮೈಕ್ ಸೆಟ್ಟಲ್ಲ, ಸ್ವಿಚ್ ಒತ್ತಿದ ಕೂಡಲೇ ಹೊತ್ತಿಕೊಳ್ಳಲು. ಆದರೆ ಅವನು ಊರು ಬಿಡಲಿಲ್ಲ. ಒಂದು ಶನಿವಾರ ಸಂಜೆ ದೇವಾಲಯಕ್ಕೆ ಹೋದ, ಓಣಿಯ ಕಡೆಯ ಕಿಟಕಿಗಳನ್ನೆಲ್ಲ ತಾನೇ ತೆರೆದ, ಪೆಟ್ಟಿಗೆಯ ಮೇಲಿನ ಬಟ್ಟೆ ತೆಗೆದ. ಕುರ್ಚಿ ಮಾತ್ರ ಗೋದಾಮಿಗೆ ವಾಪಸಾಗಲಿಲ್ಲ. ಅದರಲ್ಲಿ ಈಗ ಸಮುವೇಲಪ್ಪ ಕೂರುತ್ತಾನೆ, ವಾರವಾರವೂ. ಆ ಮೊಣಕಾಲಿನ ಅಜ್ಜಿಯ ಮನೆಗೂ ಹೋಗಿ ಕೂತನಂತೆ. ಯಾವ ಕಾಲಮ್ಮ ಅಂತ ಕೇಳಿದನಂತೆ. ಅಜ್ಜಿಗೆ ಎಂಥ ಬಿಡುಗಡೆ!

ಈಗ ನಿಮ್ಮ ಕಡೆಗೆ ಬರುತ್ತೇನೆ ಅಂದಿದ್ದೆನಲ್ಲ.

ನಮ್ಮ ಕರ್ತನನ್ನು ನೋಡಿ. ದಾರಿಯ ಪಕ್ಕ ಒಬ್ಬ ಕುರುಡ ಕೂಗುತ್ತಾನೆ. ಅವನಿಗೆ ಏನು ಬೇಕು ಅಂತ ಊರಿಗೇ ಗೊತ್ತು. ಲೋಕವನ್ನು ಉಂಟುಮಾಡಿದಾತನಿಗೆ ಗೊತ್ತಿಲ್ಲವೇ? ಆದರೂ ಆತನು ನಿಂತನು. ನಿಂತು, ನಾನು ನಿನಗೆ ಏನು ಮಾಡಬೇಕಪ್ಪಾ ಅಂತ ಕೇಳಿದನು. ಎಲ್ಲ ಬಲ್ಲವನು ಕೇಳಿದನು. ಏನೂ ಅರಿಯದ ನೀವು, ನಾನು, ಕೇಳುವುದಿಲ್ಲ. ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ಸ್ಕೂಟರ್ ಒದೆಯುತ್ತಾ "ಚೆನ್ನಾಗಿದ್ದೀರಾ?" ಅಂತೀವಿ, ಉತ್ತರ ಬರುವಷ್ಟರಲ್ಲಿ ಗೇರ್ ಬಿದ್ದಿರುತ್ತದೆ. ಯಾರಾದರೂ ಕಷ್ಟ ಹೇಳಲು ಬಂದರೆ "ಪ್ರಾರ್ಥನೆ ಮಾಡ್ತೀನಿ ಬಿಡಿ" ಅಂತೀವಿ. ಎಷ್ಟು ಪವಿತ್ರವಾದ ಮಾತು, ಅದನ್ನು ಬಾಗಿಲು ಮುಚ್ಚಲು ಬಳಸುತ್ತೇವಲ್ಲ!

ಇನ್ನು ಮೇಲೆ ಹಾಗೆ ಮಾಡಬೇಡಿ. ಏನಾಯಿತು ಅಂತ ಕೇಳದೆ ಪ್ರಾರ್ಥನೆಗೆ ಕಣ್ಣು ಮುಚ್ಚಬೇಡಿ. ಇವತ್ತು ಮನೆಗೆ ಹೋದಾಗ ನಿಮ್ಮ ಹೆಂಡತಿ, ನಿಮ್ಮ ಗಂಡ, ನಿಮ್ಮ ಅತ್ತೆ, ಯಾರೋ ಒಬ್ಬರು "ಒಂದ್ ಮಾತು..." ಅಂತಾರೆ. ಆಗ ಕೈಯಲ್ಲಿರುವುದನ್ನು ಕೆಳಗಿಡಿ. ಟಿವಿ ಆರಿಸಿ. ಕೂತುಕೊಳ್ಳಿ. ಅವರು ಮುಗಿಸಿದರು ಅನ್ನಿಸಿದಾಗ ಇನ್ನೊಂದು ಸಲ ಕೇಳಿ, ಇನ್ನೂ ಏನು ಅಂತ. ಒಳಗಿರುವುದು ಎರಡನೆಯ ಸಲ ಕೇಳಿದಾಗಲೇ ಹೊರಗೆ ಬರುವುದು. ಹಾಗೆ ಕೂರುವುದೂ ಆರಾಧನೆಯೇ. ಕಿಟಕಿ ತೆರೆದು ಮಲಗಿದ್ದ ಕರುಣಮ್ಮ ಕೂಡ ಅದನ್ನೇ ಮಾಡುತ್ತಿದ್ದಳು.

ಕೊನೆಯ ಪ್ರಾರ್ಥನೆಗೆ ಎದ್ದು ನಿಲ್ಲಲು ಸಿದ್ಧರಾಗುತ್ತಿದ್ದೀರಿ. ಏಳಬೇಡಿ. ಇವತ್ತು ಅದು ಸ್ವಲ್ಪ ತಡವಾಗಿ ಆಗಲಿ. ಕರ್ತನು ಕಾಯುತ್ತಾನೆ, ಮನೆಯ ಬಿರಿಯಾನಿಯೂ ಕಾಯುತ್ತದೆ. ಪಕ್ಕದಲ್ಲಿ ಕೂತಿರುವವರ ಕಡೆ ತಿರುಗಿ, ಏನಾಯಿತು ಅಂತ ಕೇಳಿ. ಅವರು ಹೇಳಲಿ. ನಾನು ಈ ಪೀಠ ಇಳಿದು, ಅಗೋ, ಆ ಕಂಬದ ಹತ್ತಿರ ಒಬ್ಬರೇ ಕೂತಿದ್ದಾರಲ್ಲ, ಅವರ ಪಕ್ಕ ಹೋಗಿ ಕೂರುತ್ತೇನೆ. ನಾವು ಯಾರಿಗಾಗಿ ಪ್ರಾರ್ಥಿಸುತ್ತಿದ್ದೇವೆ ಅಂತ ನಮಗೆ ಗೊತ್ತಾದ ಮೇಲೆ, ಎಲ್ಲರೂ ಸೇರಿ ಆಮೆನ್ ಅನ್ನೋಣ.